ನಾಲ್ಕು ಕೂಡಿದ ದಿನ

ನನ್ನ ತಂಗಿ ಸಿಂಧು ಏನು ಕೆಲಸ ಮಾಡುತ್ತಾಳೆ ಎಂದು ತ್ಯಾಮಗೊಂಡ್ಲು ಸುತ್ತಮುತ್ತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎಕ್ಸ್‌ರೇ ಎಂದ ಕೂಡಲೇ ಜನಕ್ಕೆ ಮುರಿದ ಕೈಕಾಲು ನೆನಪಾಗುತ್ತದೆ. ನಮ್ಮ ಬೀದಿಯ ಸಪ್ಪಲಮ್ಮ ಒಂದು ಸಲ ತನ್ನ ಮಂಡಿಯ ಫಿಲ್ಮನ್ನು ಕವರ್ ಸಮೇತ ತಂದು ಅವಳ ಕೈಗಿಟ್ಟು, "ನೋಡವ್ವ, ಪೂರ್ತಿ ಸವೆದೋಗೈತಾ?" ಎಂದು ಕೇಳಿದ್ದಳು. ಸಿಂಧು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಂಗೆ ಇದು ಗೊತ್ತಾಗಲ್ಲ ಅತ್ತೆ, ಡಾಕ್ಟರ್‌ಗೆ ತೋರ್ಸಿ" ಎಂದಳು. ಇಷ್ಟು ಓದಿ ಮಂಡಿ ನೋಡಕ್ಕೆ ಬರಲ್ಲವಂತೆ ಎಂದು ಸಪ್ಪಲಮ್ಮ ಊರೆಲ್ಲ ಹೇಳಿಕೊಂಡು ಬಂದಳು. ನಾನಾಗಿದ್ದರೆ ಸವೆದಿದೆ ಎಂದು ಹೇಳಿ ಕಳಿಸುತ್ತಿದ್ದೆ. ಸಿಂಧುಗೆ ಅಷ್ಟು ಸುಳ್ಳು ಹೇಳಲೂ ಬರುವುದಿಲ್ಲ.

ಅವಳ ಕೆಲಸವನ್ನು ನಾನು ಅರ್ಥ ಮಾಡಿಕೊಂಡಿರುವುದು ಇಷ್ಟು. ಮೈಯೊಳಗಿನ ಪ್ರೋಟೀನುಗಳ ಆಕಾರ ಮಾಮೂಲಿ ಮೈಕ್ರೊಸ್ಕೋಪಿಗೆ ಕಾಣುವುದಿಲ್ಲ. ಅದಕ್ಕೆ ಪ್ರೋಟೀನನ್ನು ಉಪ್ಪುನೀರಿನಲ್ಲಿ ಕರಗಿಸಿ, ಬೆಂಕಿಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗೆ ತುಂಬಿ, ಎಕ್ಸ್‌ರೇ ಕಿರಣ ಹಾಯಿಸುತ್ತಾರೆ. ಆಚೆ ಬರುವಾಗ ಕಿರಣ ಅಷ್ಟಿಷ್ಟು ಚದುರುತ್ತದೆ. ಚದುರಿದ ಬಗೆ ನೋಡಿ ಒಳಗಿದ್ದದ್ದು ಉದ್ದವೋ ಗುಂಡೋ, ಒಂಟಿಯೋ ಗುಂಪೋ ಎಂದು ಲೆಕ್ಕ ಹಾಕುತ್ತಾರೆ. ಚಳಿಗಾಲದ ಬೆಳಗ್ಗೆ ಮಂಜಿನಲ್ಲಿ ಬೀದಿದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದಲ್ಲ, ಆ ಬಳೆಯನ್ನು ನೋಡಿ ಮಂಜಿನ ಹನಿ ಎಷ್ಟು ದಪ್ಪ ಎಂದು ಹೇಳಿದ ಹಾಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಇಷ್ಟು ತಿಳಿಸುವುದಕ್ಕೆ ಅವಳಿಗೆ ಒಂದು ಇಡೀ ಬೇಸಿಗೆ ರಜ ಬೇಕಾಯಿತು.

ಇನ್ನು ನಮ್ಮ ಮನೆಯ ವಿಚಾರ. ನನ್ನ ಗಂಡ ಮುನಿರಾಜ್ ನಮ್ಮಮ್ಮನ ತಮ್ಮ, ಅಂದರೆ ನನ್ನ ಸೋದರಮಾವ. ನಮ್ಮ ಕಡೆ ಇದೇನೂ ಹೊಸದಲ್ಲ. ಮೊಮ್ಮಗಳೇ ಸೊಸೆಯಾಗಿ ಬಂದರೆ ಮನೆ ಒಡೆಯುವುದಿಲ್ಲ ಎಂದು ಅಜ್ಜಿ ಅಮ್ಮಯಮ್ಮನ ಲೆಕ್ಕಾಚಾರ. "ಹೊರಗಿಂದ ಹೆಣ್ಣು ತಂದು ಅದ್ರ ಸೊಕ್ಕು ಯಾರು ಸಹಿಸ್ತಾರೆ? ಎರಡ್ರಲ್ಲಿ ಒಂದು ಕೊಡು" ಎಂದು ನಮ್ಮಮ್ಮನ ಮುಂದೆ ಹಟ ಹಿಡಿದು ಕೂತಳು. ಸಿಂಧುಗೆ ಆಗ ತಾನೇ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ನಾನು ದೊಡ್ಡವಳು, ಬಿ.ಎಡ್. ಮುಗಿಸಿದ್ದೆ. ಹಾಗಂತ ನನ್ನನ್ನು ಯಾರೂ ಬಲಿ ಕೊಡಲಿಲ್ಲ. ನನಗೆ ಮಾವ ಇಷ್ಟವಿದ್ದ, ಅಜ್ಜಿ ಕೇಳುವುದಕ್ಕೆ ಮೊದಲೇ ಇಷ್ಟವಿದ್ದ. ಮದುವೆಗೆ ಮುಂಚೆ ಮಾವ ಎನ್ನುತ್ತಿದ್ದೆ, ಈಗಲೂ ಮಾವ ಎಂದೇ ಕರೆಯುತ್ತೇನೆ. ಆದರೆ ಸಿಂಧು ತಲೆಯಲ್ಲಿ ಬೇರೆಯೇ ಹೊಕ್ಕಿತ್ತು. ಅಕ್ಕ ಹೋಗಿ ಹಸೆಮಣೆ ಏರಿದ್ದರಿಂದ ತಾನು ಪಾರಾದೆ, ಓದಿದೆ, ದೇಶ ನೋಡಿದೆ ಎಂದು ಅವಳು ನಂಬಿಕೊಂಡಿದ್ದಳು. ನಾನು ಎಷ್ಟು ಬೈದರೂ ಆ ನಂಬಿಕೆ ಹೋಗಲಿಲ್ಲ.

ನಮ್ಮ ಒಬ್ಬಳೇ ಮಗಳು ಅಕ್ಷತ. ಎಂಟನೇ ಕ್ಲಾಸಿನವರೆಗೆ ಕುಣಿದಾಡಿಕೊಂಡಿದ್ದವಳು ಮೆಟ್ಟಿಲು ಹತ್ತುವಾಗ ತೊಡೆಯ ಮೇಲೆ ಕೈ ಊರತೊಡಗಿದಳು. ಆಮೇಲೆ ನಡೆಯುವಾಗ ಬೀಳತೊಡಗಿದಳು. ನಾಗದೋಷ ಎಂದು ಅಜ್ಜಿ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಳು. ನಾವು ಬೆಂಗಳೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ರಕ್ತ ಪರೀಕ್ಷೆಯಾಯಿತು, ತೊಡೆಯಿಂದ ಚೂರು ಮಾಂಸ ತೆಗೆದು ನೋಡಿದ್ದಾಯಿತು. ಕೊನೆಗೆ ಡಾಕ್ಟರು ನನ್ನನ್ನೂ ಮಾವನನ್ನೂ ನೋಡಿ, "ನೀವಿಬ್ಬರೂ ಸಂಬಂಧದಲ್ಲೇ ಆಗಿರೋದಾ?" ಎಂದು ಕೇಳಿದರು. ಅಜ್ಜಿಯಲ್ಲೋ ತಾತನಲ್ಲೋ ಇದ್ದ ಒಂದು ದೋಷ ನಮ್ಮಿಬ್ಬರಲ್ಲೂ ಅಡಗಿ ಕೂತಿತ್ತಂತೆ. ಎರಡೂ ಸೇರಿ ಮಗಳಲ್ಲಿ ಎದ್ದಿತ್ತು. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು ಎಂದರು. ಸ್ಟಾಫ್ ರೂಮಿನಲ್ಲಿ ಒಬ್ಬಾಕೆ, "ಓದಿದವರಾಗಿ ನೀವೇ ಸೋದರಮಾವನ್ನ ಕಟ್ಕೊಂಡ್ರಾ ಮೇಡಂ" ಎಂದಳು. ನಿನ್ನ ಮನೆಯ ದೋಸೆಯೂ ತೂತೇ ಕಣಮ್ಮ ಎಂದು ಹೇಳಿ ಎದ್ದುಬಂದೆ. ಆಮೇಲೆ ಬಾತ್ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಿಂಧು ಆಗ ಜರ್ಮನಿಯಲ್ಲಿದ್ದಳು. ಪ್ರೋಟೀನುಗಳನ್ನು ಹರಳು ಕಟ್ಟಿಸಿ ನೋಡುವುದರಲ್ಲಿ ಅವಳಿಗೆ ಹೆಸರು ಬರುತ್ತಿತ್ತು. ಹರಳಾದರೆ ಒಳಗಿನ ಒಂದೊಂದು ಪರಮಾಣುವೂ ಎಲ್ಲಿದೆ ಎಂದು ಸ್ಪಷ್ಟವಾಗಿ ಕಾಣುತ್ತದಂತೆ. ಅಕ್ಷತಳ ವರದಿ ಕಳಿಸಿದ ತಿಂಗಳಲ್ಲೇ ಅವಳು ಆ ಕೆಲಸ ಬಿಟ್ಟು ಬೆಂಗಳೂರಿನ ಒಂದು ಸಂಸ್ಥೆಗೆ ಬಂದು ಸೇರಿಕೊಂಡಳು. ಆ ದೋಷದಿಂದ ಕೆಟ್ಟಿದ್ದ ಒಂದು ಪ್ರೋಟೀನನ್ನೇ ಹಿಡಿದಳು. ಮಾಂಸಖಂಡದೊಳಗೆ ಅದು ನಾಲ್ಕು ನಾಲ್ಕಾಗಿ ಕೂಡಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಅಕ್ಷತಳದು ಕೂಡುತ್ತಿರಲಿಲ್ಲ, ಎರಡೆರಡಾಗಿ ಬಿಟ್ಟುಹೋಗುತ್ತಿತ್ತು. ಅವಳ ರಕ್ತದಿಂದ ಆ ಪ್ರೋಟೀನು ಕಟ್ಟುವ ಕೆಟ್ಟ ಜೀನಿನ ಸೂಚನೆಯನ್ನೇ ಓದಿಕೊಂಡು, ಬ್ಯಾಕ್ಟೀರಿಯಾದೊಳಗೆ ಅದೇ ಪ್ರೋಟೀನನ್ನು ಬೆಳೆಸಿ, ಹರಳು ಕಟ್ಟಿಸಲು ಮೂರು ವರ್ಷ ಹೆಣಗಿದಳು. ಅಲುಗಾಡುವ ಪ್ರೋಟೀನು ಹರಳಾಗುವುದಿಲ್ಲ. ಅದಕ್ಕೇ ಈ ಚದುರುವ ಕಿರಣದ ದಾರಿ ಹಿಡಿದದ್ದು. ಇದರಲ್ಲಿ ಬರೀ ಹೊರಗಿನ ಉಂಡೆ ಕಾಣುತ್ತದೆ, ಒಳಗಿನದ್ದು ಕಾಣುವುದಿಲ್ಲ. ಹರಳು ಕಟ್ಟಲು ಬಾರದವರು ಗಂಜಿ ನೋಡುತ್ತಾರೆ ಎಂದು ಅವಳ ಜೊತೆಯವರೇ ಆಡಿಕೊಂಡರಂತೆ.

ಮೊದಲ ಉಂಡೆಯ ಚಿತ್ರವನ್ನು ಅವಳು ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಅಕ್ಷತ ಬಿದ್ದು ಬಿದ್ದು ನಕ್ಕಿದ್ದಳು.

"ಚಿಕ್ಕಮ್ಮ, ಇದು ಮುದ್ದೆ ಕಣೇ! ಜರ್ಮನಿಗೆಲ್ಲ ಹೋಗಿ ಮುದ್ದೆ ಕಟ್ಟಕ್ಕೆ ಕಲ್ತು ಬಂದ್ಯಾ?"

"ಇದು ನಿನ್ನದೇ ಮುದ್ದೆ. ಎರಡೇ ಇವೆ ನೋಡು. ನಾಲ್ಕಾಗ್ಬೇಕು."

"ಮತ್ತೆರಡು ಯಾರು ತಿಂದ್ರು? ಅಪ್ಪಾನೇ ಇರ್ಬೇಕು."

ಅವಳ ಬಾಯಿ ಹಾಗೆ. ಕಾಲು ಹೋಗಿ ವೀಲ್‌ಚೇರಿಗೆ ಬಂದ ಮೇಲೆ ಆ ಬಾಯೇ ಅವಳ ಅನ್ನವಾಯಿತು. ದೇವನಹಳ್ಳಿಯಲ್ಲಿ ಟ್ಯಾಕ್ಸಿ ಇಟ್ಟಿರುವ ಆನಂದ್ ನನ್ನ ಹಳೆಯ ವಿದ್ಯಾರ್ಥಿ. ಅವನ ಗಾಡಿಗಳೆಲ್ಲ ಏರ್‌ಪೋರ್ಟಿಗೆ ಓಡುತ್ತವೆ. ಮನೆಯಿಂದಲೇ ಫೋನ್ ನೋಡಿಕೊಳ್ಳುವ ಕೆಲಸವನ್ನು ಅವನು ಅಕ್ಷತಳಿಗೆ ಕೊಟ್ಟ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವಳು ಬೆಳಗಿನಿಂದ ಸಂಜೆಯವರೆಗೆ ಡ್ರೈವರುಗಳನ್ನು ಕುಣಿಸುತ್ತಿದ್ದಳು. "ಏನ್ ಗುರು, ಪ್ಯಾಸೆಂಜರ್ ಬಿಸಿಲಲ್ಲಿ ನಿಂತವ್ರೆ, ನೀನು ಟೋಲ್ ಹತ್ರ ಟೀ ಕುಡೀತಾ ಇದ್ದೀಯಾ? ಗ್ಲಾಸ್ ಇಡು, ಗಾಡಿ ತೆಗಿ!" ಎಂದು ಗದರಿಸುವುದು ಕೇಳಿದರೆ ಪಕ್ಕದಲ್ಲಿ ರಾಗಿ ಮಿಷನ್ ನಡೆಸುವ ಮಾವನೂ ಬೆಚ್ಚಿಬೀಳುತ್ತಿದ್ದ. ಮರುಗಳಿಗೆ ಅದೇ ದನಿ ಜೇನಾಗಿ, "ಐದು ನಿಮಿಷ ಸರ್, ಗಾಡಿ ಗೇಟ್ ಹತ್ರ ಬಂತು" ಎನ್ನುತ್ತಿತ್ತು. ಡ್ರೈವರುಗಳು ಅವಳನ್ನು ಕಂಟ್ರೋಲ್ ರೂಮು ಎಂದು ಕರೆಯುತ್ತಿದ್ದರು. ಅವರಲ್ಲಿ ಯಾರೂ ಅವಳನ್ನು ನೋಡಿದವರಲ್ಲ. ಅವಳು ನಡೆಯಲಾರಳು ಎಂದು ಅವರಿಗೆ ಗೊತ್ತೂ ಇರಲಿಲ್ಲ. ಅದು ಅವಳಿಗೆ ಬಹಳ ಇಷ್ಟವಾಗಿತ್ತು.

ಕಳೆದ ವರ್ಷ ಉಸಿರು ಸೋಲತೊಡಗಿತು. ಮೊದಲು ರಾತ್ರಿ ಮಾತ್ರ ಮೂಗಿಗೆ ಮಾಸ್ಕ್ ಹಾಕುತ್ತಿದ್ದೆವು, ಆಮೇಲೆ ಹಗಲೂ ಬೇಕಾಯಿತು. ಎರಡು ಸಲ ಕಫ ಕಟ್ಟಿ ನೀಲಿಗಟ್ಟಿದಳು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟು, ಅಲ್ಲಿಂದ ಮೆಷಿನ್ನಿನಲ್ಲಿ ಉಸಿರು ಕೊಡಬೇಕು ಎಂದರು ಡಾಕ್ಟರು. ಹಾಗೆ ಮಾಡಿದರೆ ಎಷ್ಟೋ ವರ್ಷ ಇರಬಹುದು. ಆದರೆ ಇವಳ ಸ್ಥಿತಿಯಲ್ಲಿ ಮಾತು ಹೋಗುತ್ತದೆ ಎಂದರು. ಮಾಡದಿದ್ದರೆ ತಿಂಗಳುಗಳ ಮಾತು.

ಅಕ್ಷತ ಬೇಡ ಎಂದಳು.

"ಕಾಲು ಹೋಯ್ತು, ಸುಮ್ನಿದ್ದೆ. ಕೈ ಹೋಯ್ತು, ಸುಮ್ನಿದ್ದೆ. ಬಾಯಿ ಒಂದು ಬಿಡ್ರಮ್ಮ ನಂಗೆ. ಮಾತಿಲ್ದೆ ನಾನೇನು ಗೋಡೆ ನೋಡ್ಕೊಂಡು ಮಲಗಿರ್ಲಾ? ಇರೋಷ್ಟು ದಿನ ಬೈಕೊಂಡು ಇರ್ತೀನಿ, ಆಮೇಲೆ ಹೋಗ್ತೀನಿ."

ಬೇಡಿದೆ, ಬೈದೆ, ಊಟ ಬಿಟ್ಟೆ. ಮಾವ ಅವಳ ಪಾದ ಹಿಡಿದುಕೊಂಡು ಕೂತ. ಅವಳು ಜಗ್ಗಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಬುದ್ಧಿ ನೆಟ್ಟಗಿದೆ, ಅವಳ ಮಾತೇ ಕೊನೆ ಎಂದರು ಡಾಕ್ಟರು.

ಹೀಗಿರುವಾಗ ಒಂದು ಭಾನುವಾರ ಸಿಂಧು ಏರ್‌ಪೋರ್ಟಿನಿಂದ ನೇರವಾಗಿ ನಮ್ಮ ಮನೆಗೆ ಬಂದಳು. ವರ್ಷಕ್ಕೊಮ್ಮೆ ಎರಡು ಮೂರು ದಿನ ಮಾತ್ರ ಎಕ್ಸ್‌ರೇ ಕಿರಣ ಹೊರಡಿಸುವ ಜರ್ಮನಿಯ ಒಂದು ದೊಡ್ಡ ಯಂತ್ರದಲ್ಲಿ ಅವಳಿಗೆ ಕಿರಣ ಕೊಡುತ್ತಾರೆ. ಅದು ಒಂದು ಊರಿನಷ್ಟು ಅಗಲದ ಉಂಗುರವಂತೆ. ಅಲ್ಲಿಂದ ಬಂದವಳು ಸೂಟ್‌ಕೇಸನ್ನು ಬಾಗಿಲಲ್ಲೇ ಬಿಟ್ಟು, ಚಪ್ಪಲಿಯಲ್ಲೇ ಒಳಗೆ ನುಗ್ಗಿ, ಅಕ್ಷತಳ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟಳು.

"ಅಕ್ಷು, ನಾಲ್ಕು ಕೂಡ್ತು."

ಅವಳು ಒಂದು ಔಷಧಿಯ ಅಣುವನ್ನು ಆ ಪ್ರೋಟೀನಿಗೆ ಬೆರೆಸಿ ನೋಡಿದ್ದಳು. ಎರಡೆರಡಾಗಿ ಬಿಟ್ಟುಹೋಗುತ್ತಿದ್ದಂಥವು ನಾಲ್ಕಾಗಿ ಒತ್ತಿಕೊಂಡು ಕೂತಿದ್ದವು. ಚಿತ್ರದಲ್ಲಿ ನನಗೂ ಕಂಡಿತು. ಮಾವ ಮಿಷನ್ ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಬಂದು ನಿಂತ. ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರೂ ಏನೋ ಶುಭ ಎಂದು ಬಾಗಿಲಲ್ಲಿ ಇಣುಕಿದರು. ನಾನು ಪಾಯಸಕ್ಕೆ ಹಾಲಿಟ್ಟೆ.

ನ್ಯಾಯವಾಗಿ ಹೇಳಬೇಕು. ಸಿಂಧು ಅವತ್ತು ಏನನ್ನೂ ಹೆಚ್ಚಿಗೆ ಹೇಳಲಿಲ್ಲ.

"ಇದಿನ್ನೂ ಗಾಜಿನ ಕೊಳವೇಲಿ ಆಗಿರೋದು ಕಂದ. ಇಲಿಗೆ ಕೊಟ್ಟು ನೋಡ್ಬೇಕು, ಆಮೇಲೆ ಮನುಷ್ಯರಿಗೆ. ಐದಾರು ವರ್ಷ ಹಿಡಿಬಹುದು. ಆಗದೇನೂ ಇರಬಹುದು" ಎಂದಳು. ಬಾಯಿ ಲೆಕ್ಕವಾಗಿ ಮಾತಾಡುತ್ತಿತ್ತು, ಮುಖ ಹಬ್ಬ ಮಾಡುತ್ತಿತ್ತು. ನಾವು ಮುಖ ನೋಡಿದೆವು.

ಅಕ್ಷತ ಚಿತ್ರದ ನಾಲ್ಕೂ ಉಂಡೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು. "ಐದು ವರ್ಷ ಗಂಟ್ಲಲ್ಲಿ ಪೈಪ್ ಇಟ್ಕೊಂಡಿದ್ರೆ, ಔಷಧಿ ಬಂದ್ಮೇಲೆ ತೆಗೀತಾರಾ ಚಿಕ್ಕಮ್ಮ?"

"ಉಸಿರಿನ ಮಾಂಸಖಂಡಕ್ಕೆ ಶಕ್ತಿ ಬಂದ್ರೆ ತೆಗೀಬಹುದು."

"ಮಾತು ಬರುತ್ತಾ?"

ಸಿಂಧು ನನ್ನ ಕಡೆ ನೋಡಿದಳು. ನಾನು ಏನು ಮುಖ ಮಾಡಿಕೊಂಡಿದ್ದೆನೋ ನನಗೆ ಗೊತ್ತಿಲ್ಲ. "ಬರ್ಬಹುದು" ಎಂದಳು.

"ಹಂಗಾದ್ರೆ ಕುಯ್ಯಿಸ್ರಿ" ಎಂದಳು ನನ್ನ ಮಗಳು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವಳು ಡ್ರೈವರುಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿಸಿಕೊಂಡಳು. ರಜೆ ಮೇಲೆ ಹೋಗುತ್ತಿದ್ದೇನೆ, ಬಂದಾಗ ಯಾರ ಮೇಲಾದರೂ ಕಂಪ್ಲೇಂಟ್ ಇದ್ದರೆ ಚರ್ಮ ಸುಲೀತೀನಿ ಎಂದು ಎಚ್ಚರಿಸಿದಳು. ಎಷ್ಟು ದಿನ ಮೇಡಂ ಎಂದು ಒಬ್ಬ ಕೇಳಿದ. ಐದು ವರ್ಷ ಎಂದಳು. ತಮಾಷೆ ಎಂದುಕೊಂಡು ಅವನು ನಕ್ಕ, ಇವಳೂ ನಕ್ಕಳು.

ಆಪರೇಷನ್ ಆದ ಮೇಲೆ ಮಾತು ಹೋಯಿತು. ಮಾತಿಗೆಂದು ಒಂದು ವಾಲ್ವ್ ಹಾಕಿ ನೋಡಿದರು, ಅವಳ ಉಸಿರು ಅದನ್ನು ತಾಳಲಿಲ್ಲ. ಅಕ್ಷರದ ಹಲಗೆ ತಂದೆವು. ಒಂದೊಂದೇ ಅಕ್ಷರ ಬೊಟ್ಟು ಮಾಡಿ ತೋರಿಸುವುದು, ಸರಿಯಾದರೆ ಅವಳು ರೆಪ್ಪೆ ಬಡಿಯುವುದು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಒಂದು ಮಾತು ಮುಗಿಯುವಷ್ಟರಲ್ಲಿ ಸಾರು ಆರಿ ತಣ್ಣಗಾಗುತ್ತಿತ್ತು. ಎರಡೇ ದಿನಕ್ಕೆ ಅವಳಿಗೆ ಸಾಕಾಗಿ, ಹಲಗೆ ಕಂಡರೆ ಕಣ್ಣು ಮುಚ್ಚಿಕೊಳ್ಳತೊಡಗಿದಳು. ಕೊನೆಗೆ ನಾನೇ ಅವಳ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಕಲಿತೆ. ಇಪ್ಪತ್ತು ವರ್ಷ ಮಕ್ಕಳ ಬಾಯಿ ನೋಡಿ ಉಚ್ಚಾರ ತಿದ್ದಿದವಳು, ನನಗದು ಬೇಗ ಬಂತು. ಮಾವನಿಗೆ ಬರಲಿಲ್ಲ. ತುಟಿ ನೋಡುತ್ತಾ ನೋಡುತ್ತಾ ಅವನ ಕಣ್ಣು ಮಂಜಾಗಿಬಿಡುತ್ತಿತ್ತು. ಸಿಂಧುಗೂ ಬರಲಿಲ್ಲ. ಹೀಗಾಗಿ ಮನೆಯಲ್ಲಿ ಅಕ್ಷತಳ ದನಿ ಎಂದರೆ ನಾನೇ ಆದೆ. ಅವಳ ಬೈಗುಳಗಳನ್ನೂ ನಾನೇ ಹೇಳಬೇಕಿತ್ತು. "ಅಪ್ಪ, ನಿನ್ನ ಮೀಸೆಗೆ ಹಿಟ್ಟು ಮೆತ್ಕೊಂಡೈತೆ, ಮದುವೆ ಗಂಡಿನ ತರ ಕಾಣ್ತಿದ್ದೀಯ ಅಂತಾಳೆ" ಎಂದು ನಾನು ಹೇಳಿದರೆ ಮಾವ ನಗುತ್ತಿದ್ದ, ಅಕ್ಷತಳ ಕಣ್ಣೂ ನಗುತ್ತಿತ್ತು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದೆ. ಒಂದು ಮಾತು ಮೆತ್ತಗೆ ಮಾಡಿ ಹೇಳಿದರೂ ಅವಳು ಹುಬ್ಬು ಗಂಟಿಕ್ಕಿ ಮತ್ತೆ ತುಟಿ ಆಡಿಸುತ್ತಿದ್ದಳು.

ಸಿಂಧುವಿನ ಲೇಖನ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಬಂತು. ನಾಲ್ಕು ಉಂಡೆಯ ಆ ಚಿತ್ರವನ್ನು ದೊಡ್ಡದು ಮಾಡಿಸಿ ಹಾಸಿಗೆಯ ಎದುರು ಗೋಡೆಗೆ ಅಂಟಿಸಲು ಅಕ್ಷತ ಹೇಳಿದಳು. ಅಂಟಿಸಿದೆವು. ಸಿಂಧು ಬಂದಾಗಲೆಲ್ಲ ಅಕ್ಷತ ನನ್ನ ಬಾಯಿಂದ ಒಂದೇ ಪ್ರಶ್ನೆ ಕೇಳಿಸುತ್ತಿದ್ದಳು. "ನಾಲ್ಕೂ ಹೆಂಗವೆ ಚಿಕ್ಕಮ್ಮ?"

ಈ ವರ್ಷ ಯುಗಾದಿಯಾದ ಮೇಲೆ ಸಿಂಧು ಮತ್ತೆ ಜರ್ಮನಿಗೆ ಹೋಗಿಬಂದಳು. ಬಂದವಳು ಫೋನ್ ಮಾಡಲಿಲ್ಲ. ಒಂದು ವಾರದ ನಂತರ, ನಾನು ಶಾಲೆಯಿಂದ ಬರುವ ಹೊತ್ತಿಗೆ ಮಿಷನ್ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಒಳಗೆ ಹೋಗಿರಲಿಲ್ಲ. ಮಾವ ಅವಳ ಪಕ್ಕದಲ್ಲಿ ನಿಂತಿದ್ದ. ಅವನ ಮುಖ ನೋಡಿ, ಹೆಗಲಿನ ಬ್ಯಾಗನ್ನೂ ಇಳಿಸದೆ ಅವರ ಹತ್ತಿರ ಹೋದೆ.

"ಅಕ್ಕ, ಅದು ನಿಜ ಅಲ್ಲ" ಎಂದಳು ಸಿಂಧು.

"ಯಾವ್ದು?"

"ನಾಲ್ಕು ಕೂಡಿದ್ದು."

ಅವಳು ಹೇಳಿದ್ದನ್ನು ನಾನು ನಿಂತುಕೊಂಡೇ ಕೇಳಿದೆ. ಅಕ್ಷತಳ ಪ್ರೋಟೀನು ಬೆಳೆಸುವುದು ಬಹಳ ಕಷ್ಟ, ಎಷ್ಟು ಮಾಡಿದರೂ ಕೆಲವು ಹನಿ ಸಿಗುತ್ತದೆ. ಕಿರಣದ ಮುಂದೆ ಅದನ್ನು ಹರಿಸಿಕೊಂಡು ನೋಡಬೇಕು, ಆಗ ಒಂದೇ ಜಾಗಕ್ಕೆ ಕಿರಣ ಬಡಿದು ಸುಡುವುದಿಲ್ಲ. ಹರಿಸಿದರೆ ಎಲ್ಲ ಖಾಲಿಯಾಗುತ್ತದೆ ಎಂದು ಹೋದ ಸಲ ಕೊಳವೆಯಲ್ಲಿ ನಿಲ್ಲಿಸಿಯೇ ನೋಡಿದ್ದರು. ಪೋಲಾಗಬಾರದು ಎಂಬ ಜಿಪುಣತನ.

"ಕಿರಣ ಬಿದ್ದು ಅದು ಸುಟ್ಟಿತ್ತು ಅಕ್ಕ. ಮೊಟ್ಟೆ ಬೆಂದ್ರೆ ಗಟ್ಟಿಯಾಗಲ್ವಾ, ಹಂಗೆ ಒಂದಕ್ಕೊಂದು ಅಂಟ್ಕೊಂಡಿತ್ತು. ಆ ಔಷಧಿ ಸೇರಿದ್ರೆ ಇನ್ನೂ ಬೇಗ ಸುಡುತ್ತೆ. ಸುಟ್ಟಿದೆಯಾ ಅಂತ ನಾನು ನೋಡ್ದೆ, ಮೊದಲ್ನೇ ಚಿತ್ರಕ್ಕೂ ಕೊನೇ ಚಿತ್ರಕ್ಕೂ ಹೋಲಿಸ್ದೆ, ವ್ಯತ್ಯಾಸ ಇರ್ಲಿಲ್ಲ. ಮೊದಲ್ನೇ ಚಿತ್ರ ತೆಗೆಯೋ ಹೊತ್ತಿಗೇ ಸುಟ್ಟೋಗಿತ್ತು. ಈ ಸಲ ಹರಿಸಿ ನೋಡಿದ್ವಿ. ಎರಡೇ ಇವೆ. ಔಷಧಿ ಏನೂ ಮಾಡಲ್ಲ."

"ಅಂದ್ರೆ ನೀವು ನೋಡಿದ್ದಕ್ಕೇ ಅದು ಕೂಡ್ತಾ?"

"ಹೂಂ."

ನಾನು ಅವಳ ಕೆನ್ನೆಗೆ ಹೊಡೆದೆ. ಬೆರಳು ಮೂಡುವಂತೆ ಹೊಡೆದೆ. ಅವಳು ಕೈ ಅಡ್ಡ ಹಿಡಿಯಲಿಲ್ಲ. ಮಾವ ನನ್ನ ತೋಳು ಹಿಡಿದುಕೊಂಡ.

"ಲೇಖನ ವಾಪಸ್ ತಗೋತಿದ್ದೀನಿ. ಅಕ್ಷುಗೆ ಇವತ್ತು ಹೇಳ್ತೀನಿ" ಎಂದಳು.

"ಹೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ ಸಿಂಧು. ಅವಳು ಆ ಗೋಡೆ ನೋಡ್ಕೊಂಡೇ ಉಸಿರಾಡ್ತಿರೋದು. ಚೆನ್ನಾಗವೆ ಅನ್ನು. ಐದು ವರ್ಷ ಅನ್ನು, ಹತ್ತು ವರ್ಷ ಅನ್ನು. ನಿನ್ನ ಗಂಟೇನು ಹೋಗುತ್ತೆ?"

"ನಂಗೆ ಆಗಲ್ಲ ಅಕ್ಕ."

"ನಿನ್ನ ಸತ್ಯ ನಿನ್ನ ಲ್ಯಾಬಲ್ಲಿ ಇಟ್ಕೋ. ನನ್ನ ಮನೆಗೆ ತರಬೇಡ."

"ಅದು ಅವಳ ಮೈ, ಅವಳ ಗಂಟ್ಲು. ನನ್ನ ಮಾತು ಕೇಳಿ ಕುಯ್ಯಿಸ್ಕೊಂಡಳು. ನಾನೇ ಹೋಗಿ ಹೇಳ್ಬೇಕು."

ಮಾವ ಮೆಲ್ಲಗೆ, "ಬಿಡು ಶಶಿ, ಹೇಳ್ಲಿ. ಅವಳು ದಿನಾ ಕೇಳೋಳು. ಎಷ್ಟು ದಿನ ಮುಚ್ಚಿಡಕ್ಕಾಗುತ್ತೆ?" ಎಂದ. ಹೊಡೆತ ತಿಂದವಳ ಕಡೆ ಅವನು ನಿಂತದ್ದಕ್ಕೆ ನನಗೆ ಅವನ ಮೇಲೂ ಬೆಂಕಿಯಂಥ ಸಿಟ್ಟು ಬಂತು. ಆದರೆ ತಡೆಯಲು ಇನ್ನೇನೂ ಉಳಿದಿರಲಿಲ್ಲ.

ಒಳಗೆ ಹೋದೆವು. ಅಕ್ಷತ ಎಚ್ಚರವಾಗಿದ್ದಳು. ಚಿಕ್ಕಮ್ಮನನ್ನು ಕಂಡು ಅವಳ ಕಣ್ಣು ಅರಳಿತು, ಕೆನ್ನೆಯ ಮೇಲಿನ ಬೆರಳ ಗುರುತು ಕಂಡು ಹುಬ್ಬು ಮೇಲೆ ಹೋಯಿತು. ಸಿಂಧು ಸ್ಟೂಲ್ ಎಳೆದುಕೊಂಡು ಅವಳಿಗೆ ಕಾಣುವಂತೆ ಕೂತಳು. ನಾನು ತಲೆದೆಸೆಯ ಪಕ್ಕ, ನನ್ನ ಮಾಮೂಲಿ ಜಾಗದಲ್ಲಿ ನಿಂತೆ. ಮಾವ ಬಾಗಿಲಲ್ಲಿ ನಿಂತ.

ಸಿಂಧು ಎಲ್ಲವನ್ನೂ ಹೇಳಿದಳು. ಸಣ್ಣ ಮಗುವಿಗೆ ಹೇಳುವಂತೆ ಹೇಳಲಿಲ್ಲ, ಜೊತೆಯಲ್ಲಿ ಕೆಲಸ ಮಾಡುವವಳಿಗೆ ಹೇಳುವಂತೆ ಹೇಳಿದಳು. ನಿಲ್ಲಿಸಿ ನೋಡಿದ್ದು, ಸುಟ್ಟದ್ದು, ಹರಿಸಿ ನೋಡಿದ್ದು, ಎರಡೇ ಉಳಿದದ್ದು. ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ ಎಂದಳು. ದನಿ ಒಂದು ಸಲವೂ ನಡುಗಲಿಲ್ಲ. ಅಷ್ಟು ಹೊತ್ತೂ ಅಕ್ಷತ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಮೆಷಿನ್ ಅವಳ ಎದೆಯನ್ನು ಏರಿಸುತ್ತಿತ್ತು, ಇಳಿಸುತ್ತಿತ್ತು. ಅಳುವುದಕ್ಕೂ ಅದು ಹೆಚ್ಚಿಗೆ ಉಸಿರು ಕೊಡುವುದಿಲ್ಲ. ನೀರು ಮಾತ್ರ ಕಣ್ಣಿನ ಕೊನೆಯಿಂದ ಕಿವಿಯೊಳಗೆ ಇಳಿಯುತ್ತದೆ, ನಾನು ಒರೆಸಬೇಕು. ಒರೆಸಿದೆ.

ಆಮೇಲೆ ಅವಳ ತುಟಿ ಆಡಿತು.

ಹಂಗಾದ್ರೆ ನನ್ನ ಗಂಟ್ಲು ಯಾಕೆ ಕುಯ್ಸಿದ್ರಿ?

ಅಷ್ಟೇ. ಒಂದಕ್ಷರವೂ ಅಸ್ಪಷ್ಟವಿರಲಿಲ್ಲ. ಸಿಂಧು ನನ್ನ ಕಡೆ ತಿರುಗಿದಳು. "ಏನಂತಾಳೆ ಅಕ್ಕ?"

ನಾನು ಸಿಂಧುವನ್ನು ನೋಡಿದೆ. ತಲೆ ಅರ್ಧ ನೆರೆತಿತ್ತು. ಇದಕ್ಕಾಗಿ ಮದುವೆಯಾಗಲಿಲ್ಲ, ಹೆಸರು ಬರುತ್ತಿದ್ದ ಕೆಲಸ ಬಿಟ್ಟಳು, ಜೊತೆಯವರ ನಗೆಗೆ ಗುರಿಯಾದಳು. ಈಗ ಲೋಕದ ಮುಂದೆ ತಾನು ನೋಡಿದ್ದು ತಪ್ಪು ಎಂದು ಬರೆದುಕೊಡಲು ಹೊರಟಿದ್ದಳು. ಈ ಮಾತು ಅವಳ ಕಿವಿಗೆ ಬಿದ್ದರೆ ಅವಳು ಮತ್ತೆ ಯಾವ ಕಿರಣದ ಮುಂದೆಯೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾಯಿತು. ಬದುಕಿಯೂ ಇರುವುದಿಲ್ಲವೇನೋ ಎನಿಸಿತು. ಅವಳು ನನ್ನ ಬೆನ್ನಿಗೆ ಬಿದ್ದವಳು, ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಂದೇ ಮನೆಯಲ್ಲಿ ಇಬ್ಬರನ್ನು ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಪರ್ವಾಗಿಲ್ಲ ಚಿಕ್ಕಮ್ಮ, ಮತ್ತೆ ಮಾಡು ಅಂತಾಳೆ" ಎಂದೆ.

ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಸಿಂಧು ಮಂಚದ ಮೇಲೆ ಕುಸಿದಳು. ಅಕ್ಷತಳ ಕೈಯನ್ನು ಮುಖಕ್ಕೆ ಒತ್ತಿಕೊಂಡು, "ಮಾಡ್ತೀನಿ ಕಂದ, ಮತ್ತೆ ಮಾಡ್ತೀನಿ, ಸಾಯೋವರ್ಗೂ ಮಾಡ್ತೀನಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲಲ್ಲಿ ಮಾವ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡ. "ನನ್ನ ಮಗಳು ದೇವರಂಥೋಳು" ಎಂದ.

ಅಕ್ಷತ ನನ್ನನ್ನು ನೋಡಿದಳು. ಅವಳ ಕಿವಿ ಚೆನ್ನಾಗಿದೆ. ಮತ್ತೆ ತುಟಿ ಆಡಿಸಿದಳು, ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ದಡ್ಡ ವಿದ್ಯಾರ್ಥಿಗೆ ಹೇಳಿಕೊಡುವಂತೆ. ಅದೇ ಮಾತು. ಗಂಟ್ಲು ಯಾಕೆ ಕುಯ್ಸಿದ್ರಿ.

"ಏನಕ್ಕ?" ಎಂದು ಸಿಂಧು ತಲೆ ಎತ್ತಿ ಕೇಳಿದಳು.

"ಊಟ ಮಾಡ್ಕೊಂಡು ಹೋಗು ಅಂತಾಳೆ" ಎಂದೆ.

ತುಟಿ ನಿಂತಿತು. ಅವಳು ನನ್ನ ಮೇಲಿಂದ ಕಣ್ಣು ತೆಗೆದು ಸೂರು ನೋಡತೊಡಗಿದಳು. ಸಿಂಧು ಕಣ್ಣೊರೆಸಿಕೊಂಡು ಊಟಕ್ಕೆ ಎದ್ದಳು, ಅಕ್ಷು ಹೇಳಿದ್ದಾಳಲ್ಲ ಎಂದು ಎರಡು ತುತ್ತು ಹೆಚ್ಚಿಗೇ ತಿಂದಳು. ನಾನೇ ಬಡಿಸಿದೆ.

ಸಿಂಧು ಈಗ ಹೊಸ ಅಣುಗಳನ್ನು ಹುಡುಕುತ್ತಿದ್ದಾಳೆ. ಮುಂದಿನ ವರ್ಷದ ಕಿರಣಕ್ಕೆ ಅರ್ಜಿ ಹಾಕಿದ್ದಾಳೆ. ಫೋನ್ ಮಾಡಿದಾಗಲೆಲ್ಲ, "ಅವತ್ತು ಅಕ್ಷು ಆ ಮಾತು ಹೇಳ್ದೆ ಇದ್ದಿದ್ರೆ ನಾನು ಉಳೀತಿರ್ಲಿಲ್ಲ ಅಕ್ಕ" ಎನ್ನುತ್ತಾಳೆ. ಫೋನು ಸ್ಪೀಕರಿನಲ್ಲಿರುತ್ತದೆ, ಅಕ್ಷತ ಕೇಳಿಸಿಕೊಳ್ಳುತ್ತಾಳೆ.

ನಾನು ಶಾಲೆಗೆ ದೀರ್ಘ ರಜೆ ಹಾಕಿ ದಿನವಿಡೀ ಅವಳ ಪಕ್ಕದಲ್ಲೇ ಕೂತಿರುತ್ತೇನೆ. ಏನಾದರೂ ಹೇಳು ಕಂದ, ಬೈಯಾದರೂ ಬೈ, ಹೇಳಿದ ಹಾಗೇ ಹೇಳುತ್ತೇನೆ ಎಂದು ಬೇಡುತ್ತೇನೆ. ಅವಳ ತುಟಿ ದಿನಕ್ಕೆ ನಾಲ್ಕೈದು ಸಲ ಆಡುತ್ತದೆ. ನೀರು ಎನ್ನುತ್ತಾಳೆ, ಕಫ ಎನ್ನುತ್ತಾಳೆ, ದಿಂಬು ಸರಿಸು ಎನ್ನುತ್ತಾಳೆ. ಬೇರೆ ಏನನ್ನೂ ನನಗೆ ಹೇಳುವುದಿಲ್ಲ.